ಸಾಂಬಾರು ಎರಚಿದ ಗೋಡೆ

ಮರಾಠಿ ಸೀಮೆಯ ಕಲ್ಯಾಣದ ಹಳೆಯ ಪೇಟೆಯಲ್ಲಿ ಮುರಾರಿ ಚಿಕ್ಕಪ್ಪ ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲಿನ ಗೋಡೆಗಳಿಗೆ ಅವರು 2012ರ ಬೇಸಿಗೆಯಲ್ಲಿ ಬಿಳಿ ಟೈಲ್ಸ್ ಹಾಕಿಸಿದರು. ಉಡುಪಿಯಿಂದ ಬಂದು ಹೋಟೆಲು ಹಿಡಿದವರಲ್ಲಿ ಅದೊಂದು ನಂಬಿಕೆ: ಟೈಲ್ಸ್ ಇಲ್ಲದ ಗೋಡೆಯನ್ನು ಎಷ್ಟು ತೊಳೆದರೂ ಅದು ಮಡಿಯಾಗುವುದಿಲ್ಲ. ಕಟ್ಟಡವು ಪಾರಂಪರಿಕ ಪಟ್ಟಿಯಲ್ಲಿದೆ, ಅದರಲ್ಲಿ ಏನನ್ನು ಬದಲಿಸಲೂ ಅನುಮತಿ ಬೇಕು ಎಂಬುದು ಅವರಿಗೆ ತಿಳಿದಿತ್ತು. ಆದರೆ ಆ ನಿಯಮ ಬೀದಿಗೆ ಕಾಣುವ ಕಮಾನಿಗೂ ಮರದ ಕಂಬಗಳಿಗೂ ಮಾತ್ರ ಅನ್ವಯಿಸುತ್ತದೆ ಎಂದು ಅವರು ಭಾವಿಸಿದ್ದರು.

ಮಳೆಗಾಲದ ಆರಂಭದಲ್ಲಿ ಪಾರಂಪರಿಕ ಸಮಿತಿಯಿಂದ ನೋಟಿಸು ಬಂತು. ಟೈಲ್ಸ್ ಕಿತ್ತು, ಮೊದಲಿದ್ದಂತೆ ಸುಣ್ಣದ ಗಾರೆ ಮಾಡುವವರೆಗೆ ಊಟದ ಹಾಲ್ ತೆರೆಯುವಂತಿಲ್ಲ. ಚಿಕ್ಕಪ್ಪ ಟೈಲ್ಸ್ ಕೀಳಿಸಿದರು. ಆಗ ಎರಡನೆಯ ತೊಡಕು ಎದುರಾಯಿತು. ಆಹಾರ ಪರವಾನಗಿಯ ಪ್ರಕಾರ ಗೋಡೆ ನೀರು ಹೀರಬಾರದು, ತೊಳೆಯಲು ಬರಬೇಕು. ಸುಣ್ಣದ ಗೋಡೆಯಾದರೋ ನೀರು ಹೀರುವುದಕ್ಕೇ ಹುಟ್ಟಿದ್ದು. ಒಂದು ಕಚೇರಿ ಬೇಕೆಂದದ್ದನ್ನು ಇನ್ನೊಂದು ಕಚೇರಿ ಬೇಡವೆನ್ನುತ್ತಿತ್ತು. ಗಣೇಶ ಚತುರ್ಥಿಯೊಳಗೆ ದಾರಿ ಕಾಣದಿದ್ದರೆ ಹೋಟೆಲನ್ನು ಕೈಬಿಡುವುದೆಂದು ಚಿಕ್ಕಪ್ಪ ಮನೆಯಲ್ಲಿ ಹೇಳಿಬಿಟ್ಟಿದ್ದರು.

ನಾನು ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ರಸಾಯನಶಾಸ್ತ್ರ ಓದಿದವಳೆಂಬ ಕಾರಣಕ್ಕೆ ಚಿಕ್ಕಪ್ಪ ನನ್ನನ್ನು ಪಾರಂಪರಿಕ ಸಮಿತಿಯ ವಿಚಾರಣೆಗೆ ಕರೆದೊಯ್ದರು. ಸಮಿತಿಯ ವಾಸ್ತುಶಿಲ್ಪಿ ಕರ್ಣಿಕ್ ಮೇಡಂ ನಾನು ಊಹಿಸಿದಷ್ಟು ಕಠಿಣರಾಗಿರಲಿಲ್ಲ. ನಿಯಮವು ದುರಸ್ತಿಯನ್ನು ತಡೆಯುವುದಿಲ್ಲ, ಯಾವ ವಸ್ತುವಿನಿಂದ ಎಂಬುದನ್ನಷ್ಟೇ ಕೇಳುತ್ತದೆ ಎಂದು ಅವರು ವಿವರಿಸಿದರು. ಸುಣ್ಣವನ್ನು ಬಿಡದೆ ನೀರು ಹೀರದ ಗೋಡೆ ಮಾಡಬಲ್ಲಿರಾದರೆ ಒಂದು ಮೂಲೆಯಲ್ಲಿ ಮಾದರಿ ಮಾಡಿ ತೋರಿಸಿ, ಆಹಾರ ವಿಭಾಗದವರೂ ಜೊತೆಗೆ ನೋಡಲಿ ಎಂದರು.

ಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಒಡೆದ ಹಾಲಿನಂತಾಗುವುದನ್ನು ಎಲ್ಲರೂ ಕಂಡಿದ್ದಾರೆ. ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ, ಕರಗದ ಹೊಸ ಪದಾರ್ಥವೊಂದು ಉಂಟಾಗುತ್ತದೆ. ಹಸಿ ಗಾರೆಯ ಮೇಲೆ ಸಾಬೂನಿನ ನೀರು ಹಚ್ಚಿ ನುಣುಪಾದ ಕಲ್ಲಿನಿಂದ ಉಜ್ಜಿದರೆ ಅದೇ ಪದಾರ್ಥ ಗೋಡೆಯ ರಂಧ್ರಗಳನ್ನು ಮುಚ್ಚಬೇಕು. ಕೆಲವು ದೇಶಗಳಲ್ಲಿ ಸ್ನಾನದ ಮನೆಗಳನ್ನೇ ಹೀಗೆ ಕಟ್ಟುತ್ತಾರೆಂದು ಓದಿದ್ದೆ.

ಕಲಬುರಗಿ ಕಡೆಯ ಗಾರೆ ಕೆಲಸದ ಸೈದಪ್ಪ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ.

“ಗ್ವಾಡಿಗಿ ಸಾಬಾಣ ಹಚ್ಚಿ ತಿಕ್ಕೋದಾ? ಜಳಕಾನೂ ಮಾಡಸೂನೇನ್ರೀ ಅಕ್ಕಾರ?” ಎಂದ. ಆದರೆ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ಸಂಜೆಯ ಹೊತ್ತಿಗೆ ಆ ಮೂಲೆ ಹಾಲಿನ ಕೆನೆಯಂತೆ ಮಿನುಗುತ್ತಿತ್ತು. ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಮಾಗಲು ವಾರಗಳು ಬೇಕು, ಅಲ್ಲಿಯವರೆಗೆ ಯಾರನ್ನೂ ಕರೆಯಬಾರದು ಎಂದು ನಾನು ಚಿಕ್ಕಪ್ಪನಿಗೆ ಸ್ಪಷ್ಟವಾಗಿ ಹೇಳಿದ್ದೆ.

ಅವರು ಪಂಚಾಂಗ ನೋಡಿದರು. ಆ ವಾರದಲ್ಲೇ ಒಳ್ಳೆಯ ದಿನವೊಂದಿತ್ತು, ಮುಂದೆ ಆಷಾಢ. ನನಗೆ ಸುದ್ದಿ ತಲುಪಿ ನಾನು ಓಡಿಬರುವಷ್ಟರಲ್ಲಿ ಕರ್ಣಿಕ್ ಮೇಡಂ ಮತ್ತು ಆಹಾರ ತಪಾಸಕರು ಹಾಲ್‌ನಲ್ಲಿ ನಿಂತಿದ್ದರು. ಚಿಕ್ಕಪ್ಪ ನೀರು ಎರಚಿ ತೋರಿಸಿದರು. ಅದು ಮುತ್ತಿನಂತೆ ಜಾರಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಹೋಟೆಲಿನ ಗೋಡೆಗೆ ಹೋಟೆಲಿನದೇ ಪರೀಕ್ಷೆಯಾಗಬೇಕೆಂದು ಅವರು ಒಂದು ಸೌಟು ಬಿಸಿ ಸಾಂಬಾರನ್ನು ಎರಚಿದರು.

ಗೋಡೆ ಕೆಂಪಾಯಿತು. ಬಟ್ಟೆಯಿಂದ ಒರೆಸಿದಷ್ಟೂ ಕೆಂಪು ಹರಡಿತು.

ತಪಾಸಕರು ಪೆನ್ನು ತೆಗೆದರು. ಚಿಕ್ಕಪ್ಪ ಸೌಟು ಹಿಡಿದೇ ಕುರ್ಚಿಯ ಮೇಲೆ ಕುಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಶ್ರೀಮತಿ ಚಿಕ್ಕಮ್ಮ ಮಾತ್ರ ನಕ್ಕುಬಿಟ್ಟರು.

“ಎಂತ ಗಾಬರಿ ಮಾರಾಯ್ರೆ, ಅದು ಆರತಿಯ ಓಕುಳಿ ಅಲ್ವಾ? ಅರಿಶಿನಕ್ಕೆ ಸುಣ್ಣ ತಾಗಿದ್ರೆ ಕೆಂಪಾಗದೆ ಹಸಿರಾಗ್ತದಾ?”

ಉತ್ತರ ಅಲ್ಲೇ ಇತ್ತು. ನಾನು ತಟ್ಟೆಯೊಂದರಲ್ಲಿ ಅರಿಶಿನ ಕಲಸಿ, ಸೈದಪ್ಪನ ಬಕೆಟ್ಟಿನ ಹಸಿ ಸುಣ್ಣ ಹಾಕಿದೆ, ಕೆಂಪಾಯಿತು. ನಿಂಬೆರಸ ಹಿಂಡಿದೆ, ಮತ್ತೆ ಹಳದಿಗೆ ತಿರುಗಿತು. ಈ ಕೆಂಪು ಕೊಳೆಯಲ್ಲ, ಗೋಡೆ ಇನ್ನೂ ಹಸಿಯಾಗಿದೆ ಎಂಬುದರ ಗುರುತು, ಮಾಗಿದ ಗಾರೆ ಹೀಗೆ ಬಣ್ಣ ತಿರುಗಿಸುವುದಿಲ್ಲ ಎಂದು ಹಿಂದಿಯಲ್ಲಿ ವಿವರಿಸಿದೆ. ಗೋಡೆಗೆ ಮಾತ್ರ ನಿಂಬೆ ಮುಟ್ಟಿಸಲಿಲ್ಲ. ಅಷ್ಟು ಕಡು ಹುಳಿ ಸುಣ್ಣವನ್ನು ತಿನ್ನುತ್ತದೆ.

ತಪಾಸಕರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅನುತ್ತೀರ್ಣ ಎಂದು ಬರೆಯುವ ಬದಲು ಮರುಪರೀಕ್ಷೆ ಎಂದು ಬರೆಯಬಹುದಲ್ಲವೇ ಎಂದು ಕರ್ಣಿಕ್ ಮೇಡಂ ಮರಾಠಿಯಲ್ಲಿ ಕೇಳಿದರು. ತಪಾಸಕರು ಹಾಗೆಯೇ ಬರೆದರು.

ಕೆಂಪಾದ ಭಾಗವನ್ನು ಸೈದಪ್ಪ ಕೆರೆದು ಮತ್ತೆ ಉಜ್ಜಿದ. ಆ ಬಾರಿ ಚಿಕ್ಕಪ್ಪ ಯಾರಿಗೂ ಫೋನ್ ಮಾಡಲಿಲ್ಲ. ದಿನಾ ಬೆಳಿಗ್ಗೆ ಹಾಲ್‌ನ ಕಿಟಕಿಗಳನ್ನು ತೆರೆದು, ಗಾಳಿ ಆಡುತ್ತಿದೆಯೇ ಎಂದು ನೋಡಿ, ಮೇಜೊಂದರ ಮುಂದೆ ಕೂತು ಪೇಪರು ಓದುತ್ತಿದ್ದರು. ನಡುವೆ ಒಮ್ಮೆ ಮಾತ್ರ, “ಹಪ್ಪಳ ಒಣಗಿಸಿದ ಹಾಗೆ ಸ್ವಲ್ಪ ಬಿಸಿಲಿಗೆ ಇಡ್ಲಿಕ್ಕೆ ಆಗುದಿಲ್ವಾ ಮಗಾ, ಇದನ್ನು?” ಎಂದು ಕೇಳಿದರು.

ಚತುರ್ಥಿಗೆ ಇನ್ನೂ ಕೆಲವು ದಿನಗಳಿರುವಾಗ ಇಬ್ಬರೂ ಅಧಿಕಾರಿಗಳು ಮತ್ತೆ ಬಂದರು. ಚಿಕ್ಕಪ್ಪ ಸೌಟು ಮುಟ್ಟಲಿಲ್ಲ. ತಪಾಸಕರೇ ಅದನ್ನು ತೆಗೆದುಕೊಂಡು, ಅಂಗಿಗೆ ಸಿಡಿಯದಂತೆ ಒಂದು ಹೆಜ್ಜೆ ಹಿಂದೆ ಸರಿದು ಎರಚಿದರು. ಸಾಂಬಾರು ಸಾಂಬಾರಿನ ಬಣ್ಣದಲ್ಲೇ ಕೆಳಗಿಳಿಯಿತು. ನುಗ್ಗೆಯ ತುಂಡೊಂದು ಅರ್ಧಕ್ಕೆ ತಡೆದು, ಆಮೇಲೆ ಅದೂ ಜಾರಿತು. ಅವರು ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಿನಿಂದ ಗೋಡೆಯನ್ನು ನಿಧಾನವಾಗಿ ಸವರಿದರು. ಏನೂ ಅಂಟಿರಲಿಲ್ಲ.

“ಬಾಕಿ ದೀವಾರೇಂ ಕಬ್ ಶುರೂ ಕರೋಗೆ, ಅಣ್ಣಾ?” ಎನ್ನುತ್ತ ಅವರು ಉಳಿದ ಗೋಡೆಗಳ ಕೆಲಸ ಯಾವಾಗ ಶುರುವೆಂದು ಕೇಳಿದರು.

ಚಿಕ್ಕಪ್ಪ ನನ್ನ ಮುಖ ನೋಡಿದರು. ಹೊರಗೆ ಸೈದಪ್ಪ ಆಗಲೇ ಸುಣ್ಣ ಜರಡಿ ಹಿಡಿಯುತ್ತಿದ್ದ.