ಹನ್ನೊಂದನೆಯ ಹೆಂಗಸು

"ಇಲ್ನೋಡಿ ಮ್ಯಾಮ್," ಎಂದು ಟ್ರೆವರ್ ಕಂಪ್ಯೂಟರಿನ ಪರದೆಯನ್ನು ಎಲ್ವಿರಾಳ ಕಡೆ ತಿರುಗಿಸಿದ. "ನಿಮ್ಮ ಹಳೇ ಕಾಲೇಜಿನ ಆನರ್ಸ್ ಕೋರ್ಸುಗಳೆಲ್ಲ ಇಲ್ಲಿಗೆ ಬಂದಿವೆ. ಆದ್ರೆ ಮಾಮೂಲಿ ಕೋರ್ಸು ಅಂತ್ಲೇ ಬಂದಿವೆ."

"ಮತ್ತೆ ನನ್ನ ಪ್ರಬಂಧ?"

"ಅದೂ ಅಷ್ಟೆ. ಇಲ್ಲಿ ಸೀಟು ಸಿಗೋಕೆ ಅದು ಖಂಡಿತ ನೆರವಾಗಿರುತ್ತೆ. ಒಳಗೆ ಬಂದ್ಮೇಲೆ ಎಲ್ರೂ ಒಂದೇ. ಸಂಶೋಧನಾ ವಿಧಾನದ ಕೋರ್ಸು ಮೊದ್ಲು ಮುಗಿಸ್ಬೇಕು, ಆಮೇಲೆ ಕೊನೇ ಸೆಮಿನಾರು. ಎರಡು ವರ್ಷಕ್ಕೆ ಮುಗಿಯಲ್ಲ, ಮೂರಾಗುತ್ತೆ." ಸಲಹೆಗಾರನ ಕುರ್ಚಿಯಲ್ಲಿದ್ದ ಆ ಹುಡುಗನಿಗೆ ಇಪ್ಪತ್ತನಾಲ್ಕು ಇರಬಹುದು. ಕೆಟ್ಟವನಲ್ಲ. "ಬೇಕಿದ್ರೆ ಪ್ರೊಫೆಸರ್ ಆಶ್‌ಬಿ ಅವ್ರನ್ನ ಕೇಳ್ನೋಡಿ. ಅವ್ರು ಸಹಿ ಹಾಕಿದ್ರೆ ವಿಧಾನದ ಕೋರ್ಸು ಬಿಡಬಹುದು. ಹಾಕೋದು ಮಾತ್ರ ಅಪರೂಪ."

ಮೂರು ವರ್ಷ. ತನ್ನೂರು ಸೆಲ್ಮಾದಲ್ಲಿ ಅಕ್ಕ ಚಾಯೋಳ ಮನೆಯಲ್ಲಿ ಬಿಟ್ಟುಬಂದ ಹನ್ನೆರಡರ ಮಗಳು ಇಟ್ಸೆಲ್‌ಗೆ ಅವಳು ಎರಡೇ ವರ್ಷವೆಂದು ಮಾತು ಕೊಟ್ಟಿದ್ದಳು. ಕ್ಯಾಲೆಂಡರಿನಲ್ಲಿ ತೋರಿಸಿ, ಬೆರಳಿಟ್ಟು ಕೊಟ್ಟ ಮಾತು.

ಊರಿನ ಎರಡು ವರ್ಷದ ಕಾಲೇಜಿನಲ್ಲಿ ಆನರ್ಸ್ ತರಗತಿಗೆ ಎಲ್ವಿರಾಳನ್ನು ಎಳೆದವರು ಮಿಸೆಸ್ ಹಗೋಪಿಯನ್. "ಬೇರೆಯವ್ರಿಗಿಂತ ಮೂರು ಪಟ್ಟು ಓದಿಸ್ತೀನಿ. ದೊಡ್ಡ ಯೂನಿವರ್ಸಿಟಿಗೆ ಹೋದ್ಮೇಲೆ ಬೈಕೋತಾನೇ ನನ್ನ ನೆನೆಸ್ಕೋತೀಯ," ಎಂದಿದ್ದರು. ತರಗತಿಯಲ್ಲಿ ಒಂಬತ್ತು ಜನ; ಎಂಟು ಜನಕ್ಕೆ ಹದಿನೆಂಟು, ಅವಳಿಗೆ ಮೂವತ್ತೆಂಟು. ಹಗಲೆಲ್ಲ ಯಾರದೋ ಮನೆಯ ಮುದುಕರಿಗೆ ಸ್ನಾನ ಮಾಡಿಸಿ, ಉಣಿಸಿ, ಸಂಜೆ ಹೋಗಿ ಕೂರುತ್ತಿದ್ದಳು. ಆದರೂ ಅಲ್ಲಿ ಅವಳು ಮಾತಾಡಿದರೆ ಎಂಟು ತಲೆಗಳು ತಿರುಗುತ್ತಿದ್ದವು.

ಸಮುದ್ರದಂಡೆಯ ಈ ವಿಶ್ವವಿದ್ಯಾಲಯದಲ್ಲಿ ಮುನ್ನೂರು ಜನರ ನಡುವೆ ಕೂತು ಹನ್ನೊಂದು ವಾರವಾಗಿತ್ತು. ಯಾರೂ ಅವಳ ಹೆಸರು ಕೇಳಿರಲಿಲ್ಲ. ಗ್ರಂಥಾಲಯದಲ್ಲಿ ಒಬ್ಬ ಹುಡುಗಿ ಮಾತ್ರ ನೇರ ಅವಳ ಬಳಿ ಬಂದು, ಶೌಚಾಲಯದಲ್ಲಿ ಕಾಗದದ ಟವೆಲ್ ಮುಗಿದಿದೆಯೆಂದು ಹೇಳಿ ಹೋಗಿದ್ದಳು. ಎಲ್ವಿರಾ ಎದ್ದು ಹೋಗಿ, ಹೇಳಬೇಕಾದವರಿಗೆ ಹೇಳಿಬಂದಿದ್ದಳು.

ಮರುದಿನ ಮಧ್ಯಾಹ್ನ ಪ್ರೊಫೆಸರ್ ಆಶ್‌ಬಿಯ ಕೋಣೆಯ ಮುಂದೆ ಯಾರೂ ಕಾಯುತ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸು. ಮುಖ ಎತ್ತದೆಯೇ ಕೈ ಚಾಚಿ, ಕೋರ್ಸು ಬಿಡಲು ಕೋರಿದ ಅರ್ಜಿಯನ್ನೂ ಪ್ರಬಂಧವನ್ನೂ ತೆಗೆದುಕೊಂಡರು. ದ್ರಾಕ್ಷಿ ಸಾಲುಗಳ ನಡುವೆ ಕಾಗದದ ಹಾಳೆ ಹಾಸಿ, ಕೊಯ್ದ ಗೊಂಚಲುಗಳನ್ನು ಬಿಸಿಲಿಗೆ ಹರವುತ್ತಿದ್ದ ಹನ್ನೊಂದು ಹೆಂಗಸರ ಮಾತುಗಳು ಅದರಲ್ಲಿದ್ದವು. ಆಶ್‌ಬಿ ಪೂರ್ತಿ ಓದಿದರು. ಎಲ್ವಿರಾ ಮಡಿಲಲ್ಲಿ ಕೈಯಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದಳು.

"ಹತ್ತು ಜನಕ್ಕೆ ವಯಸ್ಸಿದೆ, ಸಂದರ್ಶನದ ತಾರೀಖಿದೆ. ಈ ಹನ್ನೊಂದನೆಯವಳಿಗೆ ಏನೂ ಇಲ್ಲ. ಒಂಬತ್ತು ವರ್ಷಕ್ಕೇ ಸಾಲಿಗಿಳಿದೋಳು, ಬಿಸಿ ಹಾಳೆ ಮೇಲೆ ಕಡ್ಡೀಲಿ ಅಕ್ಷರ ತಿದ್ದಿದೋಳು. ಯಾರಿವಳು?"

ಎಲ್ವಿರಾ ಆ ಹಾಳೆಯ ಕಡೆ ನೋಡಿದಳು. "ನಾನೇ."

"ಮುಚ್ಚಿಟ್ಟಿದ್ದು ಯಾಕೆ?"

"ಕ್ಲಾಸಲ್ಲಿ ಪ್ರಬಂಧ ಓದಿ ಹೇಳ್ಬೇಕಿತ್ತು. ನನ್ನ ಪಕ್ಕ ಕೂರ್ತಿದ್ದ ಹುಡುಗಿ... ಅವಳ ಅಪ್ಪನ ತೋಟ ಅದು."

"ನಿಮ್ಮ ಟೀಚರಿಗೆ ಗೊತ್ತಿತ್ತಾ?"

"ಅವ್ರು ಕೇಳ್ಲಿಲ್ಲ."

ಆಶ್‌ಬಿ ಕನ್ನಡಕ ತೆಗೆದರು. "ಇದು ತಪ್ಪು. ಸಂಶೋಧನೇಲಿ ಹೀಗೆ ಮಾಡೋ ಹಾಗಿಲ್ಲ."

ಎಲ್ವಿರಾ ಚೀಲ ಹೆಗಲಿಗೇರಿಸಿ ಎದ್ದಳು.

"ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ. ಉಳಿದ ಹತ್ತು ಜನಾನ ನೀವು ಕೇಳಿರೋ ಥರ ಕೇಳೋದು ನನ್ನ ವಿಧಾನದ ಕೋರ್ಸು ಮುಗಿಸಿದೋರಿಗೂ ಬರಲ್ಲ. ಚೆನ್ನಾಗಿ ಕಲಿಸಿದಾರೆ ನಿಮಗೆ." ಅರ್ಜಿಯ ಮೇಲೆ ಸಹಿ ಹಾಕಿ ತಳ್ಳಿದರು. "ಜನವರಿಗೆ ಸೆಮಿನಾರಿಗೆ ಬನ್ನಿ. ಆ ಭಾಗಾನ ನಿಮ್ಮ ಹೆಸರಲ್ಲೇ ಬರೆದು ತನ್ನಿ. ಎಲ್ರೆದುರಿಗೆ ಓದ್ಬೇಕಾಗುತ್ತೆ, ಗೊತ್ತಾಯ್ತಾ?"

ಹೊರಗೆ ಬಂದವಳು ಯಾರಿಗಾದರೂ ಹೇಳಬೇಕೆಂದು ಸುತ್ತ ನೋಡಿದಳು. ಹುಡುಗರು ಗುಂಪುಗುಂಪಾಗಿ ಅವಳ ಎರಡೂ ಪಕ್ಕದಿಂದ ಹರಿದು ಹೋದರು. ಕಲ್ಲಿನ ಕಟ್ಟೆಯ ಮೇಲೆ ಕೂತು ಅಕ್ಕನ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಇಟ್ಸೆಲ್.

"ಕೇಳೇ, ಮೂರನೇ ವರ್ಷ ಬೇಡ್ವಂತೆ. ಎರಡಕ್ಕೇ ಬಂದ್ಬಿಡ್ತೀನಿ."

"ಮೂರನೇ ವರ್ಷ ಅಂತ ಯಾವಾಗ ಇತ್ತು?"

"ಇರ್ಲಿಲ್ಲ ಬಿಡು. ಏನ್ಮಾಡ್ತಿದ್ದೆ?"

"ದೊಡ್ಡಮ್ಮ ಎನ್ಚಿಲಾಡ ಮಾಡ್ತಿದಾಳೆ, ನಾನು ಚೀಸ್ ತುರೀತಿದೀನಿ. ಕೈಯೆಲ್ಲ ಅಂಟು. ಆಮೇಲ್ ಮಾಡ್ತೀನಿ ಅಮ್ಮಾ, ಹಾಂ?"

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಕರೆಯನ್ನು ಕತ್ತರಿಸಲು ಮಗಳು ಮರೆತಿದ್ದಳು. ನಲ್ಲಿಯಿಂದ ನೀರು ಬಿದ್ದಿತು, ಯಾರೋ ಬಾಣಲೆ ಸರಿಸಿದರು, ಚಾಯೋ ಏನೋ ಅಂದಳು, ಇಟ್ಸೆಲ್ ಗಟ್ಟಿಯಾಗಿ ನಕ್ಕಳು. ಸಮುದ್ರದ ಕಡೆಯಿಂದ ಮಂಜು ಮೇಲೇರಿ ಕಟ್ಟಡಗಳನ್ನು ಒಂದೊಂದಾಗಿ ಮುಚ್ಚತೊಡಗಿತ್ತು. ಎಲ್ವಿರಾ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಉಸಿರಿನ ಸದ್ದೂ ಆಗದಂತೆ ಕೇಳುತ್ತ ಕೂತಳು.