ಸರತಿಯಲ್ಲಿ ಹೇಳದ ಮಾತು

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಪೆರು ದೇಶದ ಉತ್ತರ ಅಂಚಿನ ತುಂಬೆಸ್ ಸೀಮೆಯ ಪಂಪಾ ಓಂದಾ ಎಂಬ ಹಳ್ಳಿ. ಅಲ್ಲಿಯ ಆರೋಗ್ಯ ಠಾಣೆಯ ಬೆಂಚಿನ ಮೇಲೆ ದೊಮಿತಿಲಾ ತನ್ನ ಗಂಡನನ್ನು ಮೆಲ್ಲಗೆ ಕೂರಿಸಿದಳು. ಎಲಿಯೊದೊರೊ ಹಿಂದಿನ ದಿನ ಹಂದಿಯೊಂದನ್ನು ಕೆಡವಲು ಹೋಗಿ ಸೊಂಟ ಉಳುಕಿಸಿಕೊಂಡಿದ್ದ. ನಿಂತರೂ ನೋವು, ಕೂತರೂ ನೋವು.

ಅವನದು ಹಂದಿ ವ್ಯಾಪಾರ. ಹಂದಿಯನ್ನು ಕೊಳ್ಳುವ ಮುಂಚೆ ಅದನ್ನು ನೆಲಕ್ಕೆ ಕೆಡವಿ, ಬಾಯಿಗೆ ಅಡ್ಡಗೋಲು ಕೊಟ್ಟು, ನಾಲಿಗೆಯನ್ನು ಬಟ್ಟೆಯಿಂದ ಹಿಡಿದೆಳೆದು, ಅದರ ಅಡಿಯನ್ನು ಬೆರಳಿನಿಂದ ಸವರಿ ನೋಡುವುದು ಆ ಕಡೆಯ ವಾಡಿಕೆ. ಅಕ್ಕಿಕಾಳಿನಂಥ ಗಂಟು ಬೆರಳಿಗೆ ಸಿಕ್ಕಿದರೆ ಆ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳಿವೆ ಎಂದು ಅರ್ಥ. ಊರವರು ಅದನ್ನು ‘ಕಾಳು’ ಎನ್ನುತ್ತಾರೆ. ಕಾಳಿರುವ ಹಂದಿಯನ್ನು ಯಾರೂ ಮುಟ್ಟುವುದಿಲ್ಲ. ಅಂಥ ಮನೆಯ ಬೇರೆ ಹಂದಿಗಳನ್ನೂ ಕೊಳ್ಳುವುದಿಲ್ಲ. ಎಲಿಯೊದೊರೊನ ಬೆರಳು ಎಂದೂ ತಪ್ಪು ಹೇಳಿದ್ದಿಲ್ಲವೆಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು.

ಆದರೆ ಎರಡು ವರ್ಷದಿಂದ ಆ ಬೆರಳು ಆಗಾಗ ತಾನಾಗಿಯೇ ಅದುರುತ್ತಿತ್ತು. ಮೊದಲು ಕೈ ಅದುರುವುದು, ಆಮೇಲೆ ಬಾಯಿ ಒಂದು ಪಕ್ಕಕ್ಕೆ ಎಳೆಯುವುದು, ಕರೆದರೂ ಸ್ವಲ್ಪ ಹೊತ್ತು ಓಗೊಡದೆ ನಿಂತುಬಿಡುವುದು. ಒಮ್ಮೆ ಹಂದಿಗೂಡಿನಲ್ಲೇ ಬಿದ್ದು ಒದ್ದಾಡಿದ್ದ. ಇದು ಮನೆಯ ಗೋಡೆ ದಾಟಿರಲಿಲ್ಲ. ‘ನಾಲಿಗೆ ನೋಡುವವನ ತಲೆಯಲ್ಲೇ ಕಾಳು’ ಎಂಬ ಮಾತೊಂದು ಹುಟ್ಟಿದರೆ ಸಾಕು, ಹೊಟ್ಟೆಪಾಡು ಮುಗಿದಂತೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಎರ್ಲಿಂದಾ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಅವಳ ಗಂಡನದೂ ಹಂದಿ ವ್ಯಾಪಾರವೇ.

“ಏನಪ್ಪಾ ಎಲಿಯೊದೊರೊ, ನೀನು ಹಂದೀನ ಕೆಡವಿದ್ಯೋ, ಹಂದೀನೇ ನಿನ್ನ ಕೆಡವ್ತೋ?”

“ನಿನ್ನ ಗಂಡ ಮಾರಿದ ಹಂದಿ ಕಣಮ್ಮ. ಯಜಮಾನನ ಥರಾನೇ ಮೊಂಡು.”

ಸರತಿಯಲ್ಲಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಒಳಗಿಂದ ಕರೆ ಬಂತು. ವೈದ್ಯರ ಕೋಣೆಗೆ ಬಾಗಿಲಿರಲಿಲ್ಲ, ಪರದೆಯಷ್ಟೇ ಇತ್ತು. ಹೊಸದಾಗಿ ಬಂದ ವೈದ್ಯೆ ಅವನ ಬೆನ್ನು ಒತ್ತಿ ನೋಡಿ ಹೇಳಿದರು: “ನೋವಿಗೆ ಸ್ವಲ್ಪ ಜೋರಿನ ಮಾತ್ರೆ ಬೇಕಾಗತ್ತೆ. ಬರೆಯೋಕೆ ಮುಂಚೆ ಒಂದು ಮಾತು. ನಿಮಗೆ ಯಾವತ್ತಾದ್ರೂ ಫಿಟ್ಸ್ ಬಂದಿದ್ಯಾ? ಕೈಕಾಲು ಅದುರೋದು, ಇದ್ದಕ್ಕಿದ್ದಂಗೆ ಮಂಕಾಗಿಬಿಡೋದು?”

ಪರದೆಯ ಆಚೆ ಬೀಸಣಿಗೆಯ ಸದ್ದು ನಿಂತದ್ದು ದೊಮಿತಿಲಾಗೆ ಕೇಳಿಸಿತು.

“ಇಲ್ಲ ಡಾಕ್ಟ್ರೇ,” ಎಂದ ಎಲಿಯೊದೊರೊ.

ವೈದ್ಯೆ ದೊಮಿತಿಲಾಳ ಕಡೆ ತಿರುಗಿದರು. “ಹೌದಾಮ್ಮ? ಏನೂ ಇಲ್ವಾ?”

“ಏನಿಲ್ಲ,” ಎಂದಳು ದೊಮಿತಿಲಾ.

ವೈದ್ಯೆ ಟ್ರಮಡಾಲ್ ಮಾತ್ರೆ ಬರೆದುಕೊಟ್ಟರು.

ಎರಡು ದಿನ ಎಲಿಯೊದೊರೊ ವೈದ್ಯೆ ಹೇಳಿದ ಹಾಗೆಯೇ ನುಂಗಿದ. ನೋವು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮಾರುವ ಹಂದಿಗಳನ್ನು ಲಾರಿಗೆ ಹತ್ತಿಸಬೇಕಾಗಿತ್ತು. “ಒಂದಕ್ಕೆ ಇಷ್ಟಾದ್ರೆ ಎರಡಕ್ಕೆ ಎಷ್ಟಾಗ್ಬೇಡ!” ಎಂದು ಎರಡು ಮಾತ್ರೆ ಬಾಯಿಗೆ ಹಾಕಿಕೊಂಡು ಮೇಲೊಂದು ಲೋಟ ಚಿಚಾ ಎಂಬ ಜೋಳದ ಹೆಂಡ ಕುಡಿದ. ಲಾರಿ ಬರುವ ಮೊದಲೇ ಗೂಡಿನ ಬೇಲಿಯ ಪಕ್ಕ ಬಿದ್ದ. ಈ ಸಲ ಅದುರಾಟ ಕೈಯಲ್ಲಿ ನಿಲ್ಲದೆ ಇಡೀ ಮೈಯನ್ನು ಹಿಡಿದು ಜಾಡಿಸಿತು. ಒಮ್ಮೆ ನಿಂತಿತು. ಕಣ್ಣು ಬಿಡುವ ಮೊದಲೇ ಮತ್ತೆ ಹಿಡಿಯಿತು.

ಅವನ ತಾಯಿ ಪೆರ್ಪೆತುವಾ ಓಡಿಬಂದು ಹಲ್ಲುಗಳ ನಡುವೆ ಮರದ ಸೌಟು ತುರುಕಲು ಹೋದಳು. “ಕೆಟ್ಟ ಗಾಳಿ ಸೋಕಿದೆ ಕಣೇ! ಮೊಟ್ಟೆ ತಗೊಂಬಾ, ಇಳಿ ತೆಗೀತೀನಿ!” ಎಂದು ಕೂಗಿದಳು. ಮೊಟ್ಟೆ ಹುಡುಕುವುದರಲ್ಲೇ ಹೊತ್ತು ಹೋಯಿತು. ಕೊನೆಗೆ ದೊಮಿತಿಲಾ ರಸ್ತೆಗೆ ಓಡಿ ಮೂರು ಗಾಲಿಯ ಬಾಡಿಗೆ ಗಾಡಿಯೊಂದನ್ನು ತಡೆದು ನಿಲ್ಲಿಸಿದಳು.

ಪಟ್ಟಣದ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟ ಮೇಲೆ ಮೈ ಅಲುಗುವುದು ನಿಂತಿತು. “ದೇವರ ದಯೆ, ನಿದ್ದೆ ಬಂತು ಮಗನಿಗೆ,” ಎಂದು ಪೆರ್ಪೆತುವಾ ಶಿಲುಬೆಯ ಗುರುತು ಹಾಕಿಕೊಂಡಳು. ದೊಮಿತಿಲಾ ಕೂಡ ಹಾಗೆಯೇ ನಂಬಿದಳು. ಆದರೆ ವೈದ್ಯರು ಅವನ ತಲೆಗೆ ತಂತಿಗಳನ್ನು ಅಂಟಿಸಿ ಯಂತ್ರದ ಪರದೆಯ ಕಡೆ ತೋರಿಸಿದರು. ಗೆರೆಗಳು ಒಂದರ ಬೆನ್ನಿಗೊಂದು ಚೂಪಾಗಿ ಎದ್ದೇಳುತ್ತಿದ್ದವು.

“ಕೈಕಾಲು ನಿಂತಿದೆಯಮ್ಮ, ಮಿದುಳು ನಿಂತಿಲ್ಲ,” ಎಂದರು. “ಒಳಗೆ ಇನ್ನೂ ಫಿಟ್ಸ್ ನಡೀತಾನೇ ಇದೆ. ಇವರಿಗೆ ಮುಂಚೆ ಯಾವತ್ತೂ ಹೀಗಾಗಿರ್ಲಿಲ್ವಾ?”

ಆಗ ದೊಮಿತಿಲಾ ಎಲ್ಲವನ್ನೂ ಹೇಳಿದಳು. ವೈದ್ಯರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ. ಎಲಿಯೊದೊರೊ ಮತ್ತೆ ಕಣ್ಣು ಬಿಡಲಿಲ್ಲ. ಸೋಮವಾರ ತೀರಿಕೊಂಡ.

ತೀರಿಕೊಂಡವನಿಗಾಗಿ ಮಾಡುವ ಒಂಬತ್ತು ದಿನದ ಜಪ ಮುಗಿದ ದಿನ ಆರೋಗ್ಯ ಠಾಣೆಯ ದಾದಿ ನೆಲ್ಬಾ ಮನೆಗೆ ಬಂದಳು. ಪೆರ್ಪೆತುವಾ ಅವಳ ಮುಂದೆ ಕಾಫಿ ಇಟ್ಟಳು, ಮುಖ ಮಾತ್ರ ಕೊಡಲಿಲ್ಲ.

“ಊರಲ್ಲಿ ಅರ್ಧ ಜನ ಅದೇ ಮಾತ್ರೆ ನುಂಗ್ತಾರೆ. ಎಲ್ಲಾ ಸತ್ರೇನೇ? ನನ್ನ ಮಗನೊಬ್ಬನ್ನೇ ಆರಿಸ್ಕೊಂತಾ ಅದು?”

“ಅಜ್ಜಿ, ಭತ್ತದ ಗದ್ದೆ ಬದು ಗಟ್ಟಿಯಾಗಿದ್ರೆ ಕಾಲುವೇಲಿ ಒಂದು ಗೇಣು ನೀರು ಏರಿದ್ರೂ ತಡ್ಕೊಳತ್ತೆ. ಅದೇ ಏಡಿ ತೂತು ಕೊರೆದ ಬದು?”

“ಕೊಚ್ಕೊಂಡು ಹೋಗತ್ತೆ.”

“ಮಿದುಳಿಗೂ ಹಂಗೇ ಒಂದು ಬದು ಇರತ್ತೆ. ಒಬ್ಬೊಬ್ಬರದು ಒಂದೊಂದು ಎತ್ತರ. ನಿಮ್ಮ ಮಗನ ಮಿದುಳಲ್ಲಿ ಕಾಳಿತ್ತು, ಆಸ್ಪತ್ರೇಲಿ ತೆಗೆದ ತಲೆ ಫೋಟೋದಲ್ಲಿ ಕಂಡಿದೆ. ಅದು ಬದೂನ ಕೊರೀತಾನೇ ಇತ್ತು. ಈ ಮಾತ್ರೆಯಂಥ ಕೆಲವು ಔಷಧಿಗಳು ಆ ಬದೂನ ಇನ್ನೂ ತಗ್ಗಿಸ್ತವೆ. ಗಟ್ಟಿ ಇದ್ದೋರಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಇವರು ಎರಡೆರಡು ನುಂಗಿ, ಮೇಲೆ ಚಿಚಾನೂ ಕುಡಿದ್ರು.”

“ಕಾಳಂತೆ ಕಾಳು! ನಮ್ಮ ಒಲೆ ಮೇಲೆ ಕಾಳಿನ ಹಂದಿ ಯಾವತ್ತೂ ಬೆಂದಿಲ್ಲ.”

“ತಲೆಗೆ ಹೋಗೋ ಕಾಳು ಮಾಂಸದಿಂದ ಬರಲ್ಲ ಅಜ್ಜಿ. ಹೊಟ್ಟೇಲಿ ಲಾಡಿಹುಳು ಇರೋರು ಬಯಲಿಗೆ ಹೋಗಿ ಕೈ ತೊಳೀದೆ ಊಟ ಬಡಿಸಿದ್ರೆ ಅದರ ಮೊಟ್ಟೆ ನಮ್ಮ ಬಾಯಿಗೆ ಬರತ್ತೆ. ಯಾರ ಕೈಯಿಂದ ಬಂತೋ ಯಾರಿಗ್ಗೊತ್ತು? ಅದರಲ್ಲಿ ನಾಚ್ಕೊಳೋದೇನಿದೆ?”

“ನಾಚಿಕೆ ನಿಂಗಿಲ್ಲ ಬಿಡು, ನಿಂಗೆ ಸಂಬಳ ಬರತ್ತೆ. ನಾವು ಹಂದಿ ಮಾರ್ಬೇಕು,” ಎಂದಳು ಪೆರ್ಪೆತುವಾ. ನೆಲ್ಬಾ ಕಾಫಿ ಕುಡಿದು ಎದ್ದಳು.

ಆಮೇಲಿನ ವಾರ ಮಗಳು ಫ್ಲೋರ್ಮಿರಾಳ ದವಡೆ ಹಲ್ಲು ನೋಯತೊಡಗಿತು. ಹದಿನೈದು ವರ್ಷದ ಹುಡುಗಿ, ಕೆನ್ನೆ ಊದಿಸಿಕೊಂಡು ಅಳುತ್ತಿದ್ದಳು. ಪೆರ್ಪೆತುವಾ ಮಗನ ಅಂಗಿಯ ಜೇಬಿನಲ್ಲಿ ಉಳಿದಿದ್ದ ಮಾತ್ರೆಯ ಪಟ್ಟಿ ಹುಡುಕಿ ತಂದು, “ಒಂದೇ ಒಂದು ನುಂಗು ಕೂಸೇ, ನೋವು ಮಾಯ,” ಎಂದು ಅವಳ ಅಂಗೈಯಲ್ಲಿಟ್ಟಳು.

ದೊಮಿತಿಲಾ ಒಲೆಯ ಮುಂದೆ ಬಾಳೆಕಾಯಿ ಕುಟ್ಟುತ್ತಿದ್ದವಳು ತಲೆಯೆತ್ತಿದಳು. ಕ್ರಿಸ್‌ಮಸ್‌ಗಿಂತ ಮುಂಚೆ ಒಂದು ದಿನ ಊಟಕ್ಕೆ ಕೂತ ಹುಡುಗಿಯ ಕೈ ಚಮಚದ ಸಮೇತ ಗಾಳಿಯಲ್ಲೇ ನಿಂತಿತ್ತು. ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ‘ಕನಸು ಕಾಣ್ತಿದ್ದಾಳೆ’ ಎಂದು ಎಲ್ಲರೂ ನಕ್ಕಿದ್ದರು. ಅದು ಈಗ ಅವಳಿಗೆ ಬೇರೆಯಾಗಿ ಕಂಡಿತು. ಒಂದೇ ನೆಗೆತಕ್ಕೆ ಬಂದು ಮಗಳ ಕೈಯಿಂದ ಮಾತ್ರೆ ಕಿತ್ತುಕೊಂಡಳು.

“ಹುಚ್ಚು ಹಿಡೀತೇನೇ ನಿಂಗೆ?”

“ಹಿಡೀಲಿ ಅತ್ತೆ. ಇವಳ ಶವಪೆಟ್ಟಿಗೆ ನಾನು ಹೊರಲ್ಲ.”

ಮಗಳನ್ನು ಕರೆದುಕೊಂಡು ಹೋದಾಗ ಆರೋಗ್ಯ ಠಾಣೆಯಲ್ಲಿ ಅಂದೂ ಬೆಂಚು ತುಂಬಿತ್ತು. ಎರ್ಲಿಂದಾ ಇದ್ದಳು. ಪಟ್ಟಣದ ಹಂದಿ ದಲ್ಲಾಳಿ ಕೂಡ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ. ಪರದೆಯ ಒಳಗೆ ವೈದ್ಯೆ ಅದೇ ಪ್ರಶ್ನೆ ಕೇಳಿದರು. ಹಿಂದೆ ನಿಂತಿದ್ದ ಪೆರ್ಪೆತುವಾ ಸೊಸೆಯ ರಟ್ಟೆ ಚಿವುಟಿ ಪಿಸುಗುಟ್ಟಿದಳು: “ಬಾಯ್ಮುಚ್ಕೊಂಡಿರು. ಗೂಡಲ್ಲಿ ಹಂದಿ ಇವೆ.”

ದೊಮಿತಿಲಾ ದನಿ ತಗ್ಗಿಸಲಿಲ್ಲ. “ಬಂದಿದೆ ಡಾಕ್ಟ್ರೇ. ನನ್ನ ಗಂಡನಿಗೆ ಫಿಟ್ಸ್ ಬರ್ತಿತ್ತು, ಅವತ್ತು ನಾವಿಬ್ರೂ ಸುಳ್ಳು ಹೇಳಿದ್ವಿ. ಇವಳೂ ಊಟದ ಮಧ್ಯೆ ಮಂಕಾಗಿಬಿಡ್ತಾಳೆ. ಅದನ್ನ ನೋಡ್ಕೊಂಡು ಮಾತ್ರೆ ಕೊಡಿ.”



ವೈದ್ಯೆ ಫ್ಲೋರ್ಮಿರಾಗೆ ಬೇರೆ ನೋವಿನ ಮಾತ್ರೆ ಕೊಟ್ಟು, ತಲೆಯ ಪರೀಕ್ಷೆಗೆ ಪಟ್ಟಣಕ್ಕೆ ಕಳಿಸಿದರು. ಅವಳ ಮಿದುಳಲ್ಲೂ ಕಾಳು ಸಿಕ್ಕಿತು. ಈಗ ಅವಳು ದಿನವೂ ಫಿಟ್ಸ್ ತಡೆಯುವ ಮಾತ್ರೆ ನುಂಗುತ್ತಾಳೆ. ಕಾಳಿಗೆ ಔಷಧಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕೊಟ್ಟರು, ಏಕೆಂದರೆ ಕಾಳು ಸಾಯುವಾಗ ಮಿದುಳು ಊದಿಕೊಂಡು ಫಿಟ್ಸ್ ಬರಬಹುದು. ದಲ್ಲಾಳಿಯ ಲಾರಿ ಆ ತಿಂಗಳು ದೊಮಿತಿಲಾಳ ಬೇಲಿಯ ಮುಂದೆ ನಿಲ್ಲದೆ ಹೋಯಿತು. ಮುಂದಿನ ತಿಂಗಳೂ ನಿಲ್ಲಲಿಲ್ಲ. ಅವಳು ಈಗ ಬೇರೆಯವರ ಗದ್ದೆಯಲ್ಲಿ ನಾಟಿಗೆ ಹೋಗುತ್ತಾಳೆ.

ಪೆರ್ಪೆತುವಾ ಬಹಳ ದಿನ ಸೊಸೆಯೊಂದಿಗೆ ಮಾತು ಬಿಟ್ಟಿದ್ದಳು. ಮೊನ್ನೆ ರಕ್ತದೊತ್ತಡ ನೋಡಿಸಲು ಹೋದಾಗ ಪರದೆಯ ಒಳಗೆ ಯಾರೋ ಹುಡುಗನೊಬ್ಬ ವೈದ್ಯೆಯ ಪ್ರಶ್ನೆಗೆ ತಡವರಿಸುತ್ತಿದ್ದ. ಮುದುಕಿ ಬೆಂಚಿನಿಂದಲೇ ಕೂಗಿದಳು: “ಹೇಳಿಬಿಡೋ! ನನ್ನ ಮಗ ಹೇಳ್ಲಿಲ್ಲ!”

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮಗೂ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳದಿದ್ದರೂ ನೀವೇ ಹೇಳಿ. ಫಿಟ್ಸ್ ಬಂದಿದ್ದರೆ, ಮಂಕು ಹಿಡಿದು ನಿಂತಿದ್ದರೆ, ಎಂದಾದರೂ ತಲೆಗೆ ಪೆಟ್ಟು ಬಿದ್ದಿದ್ದರೆ, ಮನೆಯಲ್ಲಿ ಯಾರಿಗಾದರೂ ಹಾಗಿದ್ದರೆ ಮುಚ್ಚಿಡಬೇಡಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ತೋರಿಸಿ, ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ತಿಳಿಸಿ. ಕೆಲವು ನೋವಿನ ಮಾತ್ರೆಗಳು, ಕೆಲವು ಸೋಂಕಿನ ಮತ್ತು ಮನಸ್ಸಿನ ಕಾಯಿಲೆಯ ಔಷಧಿಗಳು ಮಿದುಳಿನ ಬದುವನ್ನು ತಗ್ಗಿಸುತ್ತವೆ. ಔಷಧಿಗೆ ಹೆದರಬೇಕಿಲ್ಲ, ತಿಳಿಸಿದರೆ ನಿಮಗೆ ಹೊಂದುವುದನ್ನು ಕೊಡುತ್ತಾರೆ. ಇನ್ನೊಬ್ಬರ ಮಾತ್ರೆ ನುಂಗಬೇಡಿ, ಒಂದನ್ನು ಎರಡು ಮಾಡಬೇಡಿ, ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಾರಾದರೂ ಬಿದ್ದು ಅದುರಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷದೊಳಗೆ ನಿಲ್ಲದಿದ್ದರೆ, ಅಥವಾ ನಿಂತು ಮತ್ತೆ ಬಂದರೆ, ಆಸ್ಪತ್ರೆಗೆ ಓಡಿ.

ಊರಿನವರ ಬಾಯಿಗೆ ಹೆದರಿ ನಾವು ಬಚ್ಚಿಡುವ ವಸ್ತು ಎಷ್ಟು ದೊಡ್ಡದು ಎಂದು ದೊಮಿತಿಲಾ ಪಟ್ಟಣದ ವೈದ್ಯರನ್ನು ಕೇಳಿದ್ದಳು. ಅವರು ಫ್ಲೋರ್ಮಿರಾಳ ತಲೆಯ ಫೋಟೋದ ಮೇಲೆ ಗೆರೆ ಎಳೆದು ಕಾಳನ್ನು ಅಳೆದು ಹೇಳಿದರು: ಒಂಬತ್ತು ಮಿಲಿಮೀಟರ್.