ಒಂಬತ್ತನೇ ಚಿತ್ರದ ತಾರೀಖು

ವಿಜ್ಞಾನದ ಮೇಷ್ಟ್ರು ತರಗತಿಯ ಮಕ್ಕಳನ್ನು ಕಟ್ಟಿಕೊಂಡು, ದೊಡ್ಡ ಬಲೂನಿಗೆ ಥರ್ಮೋಕೋಲ್ ಡಬ್ಬಿ ಬಿಗಿದು, ಒಳಗೊಂದು ಹಳೇ ಕ್ಯಾಮೆರಾ ಇಟ್ಟು ಆಕಾಶಕ್ಕೆ ಬಿಟ್ಟಿದ್ದರು. ಮೂವತ್ತು ಕಿಲೋಮೀಟರ್ ಮೇಲೆ ಬಲೂನು ಒಡೆದು, ಡಬ್ಬಿ ಪ್ಯಾರಾಚೂಟಿನಲ್ಲಿ ಇಳಿದು ಸಿಕ್ಕಿತ್ತು. ಕಪ್ಪು ಆಕಾಶ, ಬಾಗಿದ ಭೂಮಿ ನೋಡಿ ಮಕ್ಕಳು ಕುಣಿದಾಡಿದರು. ಏರುವಾಗ ತೆಗೆದ ಒಂಬತ್ತನೇ ಚಿತ್ರದಲ್ಲಿ ಶಾಲೆಯ ಹಿಂದಿನ ನಲವತ್ತೊಂದು ಗುಡಿಸಲುಗಳಿದ್ದವು. ಅವುಗಳಲ್ಲಿ ಒಂದು, ಶಾಲೆಯ ಆಯಾಳದ್ದು.

ಮೂರು ದಿನದ ಮೇಲೆ ನಗರಸಭೆ ಅವನ್ನು ನೆಲಸಮ ಮಾಡಿತು. ಅದು ಖಾಲಿ ಜಾಗ, ಯಾರೂ ವಾಸವಿರಲಿಲ್ಲ, ಬದಲಿ ಜಾಗದ ಪ್ರಶ್ನೆಯೇ ಇಲ್ಲ ಎಂದು ಕೈತೊಳೆದುಕೊಂಡಿತು. ಇದ್ದವರನ್ನು ಇಲ್ಲವೆನ್ನಲು ಅದಕ್ಕೆ ಒಂದು ಸೀಲು ಸಾಕು.

ಗುಡಿಸಲಿನವರ ದೂರಿಗೆ ಸಾಕ್ಷಿಯಾಗಿ ಮೇಷ್ಟ್ರು ತಂದಿದ್ದ ಒಂಬತ್ತನೇ ಚಿತ್ರದ ಮೂಲೆಯ ತಾರೀಖಿನ ಮೇಲೆ ನಗರಸಭೆಯ ವಿಚಾರಣೆಯ ಅಧಿಕಾರಿ ಬೆರಳಿಟ್ಟ. "ಇದು ಇಪ್ಪತ್ತು ವರ್ಷದ ಹಿಂದಿನದಲ್ವೇನ್ರೀ ಮೇಷ್ಟ್ರೇ?"

ಮೇಷ್ಟ್ರು ಬಗ್ಗಿ ತಾರೀಖು ನೋಡಿದರು. ಮೇಲಿನ ಚಳಿ ತಡೆಯಲೆಂದು ಕೊನೆಗಳಿಗೆಯಲ್ಲಿ ಬೇರೆ ಬ್ಯಾಟರಿ ಹಾಕಿದ್ದರು. ಹಳೇದನ್ನು ತೆಗೆದ ಕೂಡಲೇ ಕ್ಯಾಮೆರಾದ ಗಡಿಯಾರ ತನ್ನ ಮೊದಲ ದಿನಕ್ಕೆ ಹೋಗಿ ಕೂತಿತ್ತು. ಡಬ್ಬಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿದವರು ತಾರೀಖು ನೋಡಿರಲಿಲ್ಲ.

"ತಪ್ಪು ನಂದು ಸಾರ್. ಆ ತಾರೀಖು ಸರಿಯಿಲ್ಲ."

"ಹಾಗಾದ್ರೆ ಚಿತ್ರವೂ ಸರಿಯಿಲ್ಲ. ಹೊರಡಿ."

ಬಾಗಿಲ ಬಳಿಯಿದ್ದ ಆಯಾ ಮುಂದೆ ಬಂದಳು. "ಚಿತ್ರದಲ್ಲಿ ಕಾಣೋ ಆ ನೀಲಿ ಟಾರ್ಪಾಲು ನಂದೇ ಸ್ವಾಮಿ. ಈ ಬೇಸಿಗೇಲಿ ಹೊದಿಸಿದ್ದು."

"ಟಾರ್ಪಾಲಿಗೆ ಜನನ ಪ್ರಮಾಣಪತ್ರ ಇದೆಯೇನಮ್ಮ?" ಎಂದು ಪಕ್ಕದಲ್ಲಿ ಕೂತಿದ್ದ ಗುಮಾಸ್ತ ಕಿಸಕ್ಕನೆ ನಕ್ಕ.

ಆಯಾ ಮೇಷ್ಟ್ರ ಕಡೆ ತಿರುಗಿದಳು. "ಬಲೂನಿನ ಪರ್ಮಿಶನ್ ಕಾಗದ ಕೊಡಿ ಮೇಷ್ಟ್ರೇ. ಮೂರು ಸಲ ಅಲೆದು ತಂದೋಳು ನಾನೇ ಅಲ್ವಾ? ಅದರಲ್ಲಿ ದಿನ ಇದೆಯಲ್ಲ."

ಕಾಗದ ಜೇಬಿನಲ್ಲೇ ಇತ್ತು. ಅದರ ಕೊನೆಯ ಸಾಲು: ಚಿತ್ರ ತೆಗೆಯಕೂಡದು. ಮಕ್ಕಳ ಪಾಠಕ್ಕೆ ತಾನೇ, ಯಾರು ಕೇಳುತ್ತಾರೆ ಎಂದು ಮೇಷ್ಟ್ರು ಆ ಸಾಲನ್ನು ನುಂಗಿಕೊಂಡಿದ್ದರು. ಇನ್ನೂ ಕಾಯಂ ಆಗದ ಕೆಲಸ. ಕಾಗದ ಹೊರಬಂದರೆ ಅನ್ನಕ್ಕೆ ಕಲ್ಲು ಬೀಳುವುದು ಖಂಡಿತ. ಆಯಾಳ ಕಣ್ಣು ಜೇಬಿನಿಂದ ಕದಲಲಿಲ್ಲ. ಮೇಷ್ಟ್ರು ತೆಗೆದುಕೊಟ್ಟರು.

ಕೊನೆಯ ಸಾಲಿಗೆ ಬಂದಾಗ ಅಧಿಕಾರಿಯ ಮುಖ ಅರಳಿತು. "ಸಿಕ್ಕಿಬಿದ್ರಲ್ಲ. ಬರ್ಕೊಳ್ರೀ ಗುಮಾಸ್ತರೇ. ಹೋದ ತಿಂಗಳು ಹನ್ನೆರಡನೇ ತಾರೀಖು ಸದರಿ ಶಿಕ್ಷಕರು ಬಲೂನಿನಿಂದ ಕಾನೂನುಬಾಹಿರವಾಗಿ ಚಿತ್ರ ತೆಗೆದಿರುತ್ತಾರೆ."

ಮೇಷ್ಟ್ರಿಗೆ ತಟ್ಟನೆ ಹೊಳೆಯಿತು. "ಯಾವ ಚಿತ್ರ ಅಂತಲೂ ಬರೀರಿ," ಎಂದರು. "ಒಂಬತ್ತನೇದು. ಶಾಲೆ ಹಿಂದಿನ ನಲವತ್ತೊಂದು ಗುಡಿಸಲಿನದು."

"ಬರ್ಕೊಳ್ರೀ, ಅವರೇ ಒಪ್ಕೋತಿದ್ದಾರೆ."

ಅಧಿಕಾರಿ ರುಜು ಹಾಕಿ ಸೀಲು ಒತ್ತಿದ. ಮೇಷ್ಟ್ರು ಸಹಿ ಮಾಡಿ, ನಕಲು ಪಡೆದು ಆಯಾಳ ಕೈಗಿಟ್ಟರು.

"ಜೋಪಾನ ಅಕ್ಕ. ಆ ದಿನ ನಿಮ್ಮನೆ ಅಲ್ಲಿತ್ತು ಅಂತ ಇವರೇ ಬರೆದುಕೊಟ್ಟಿದ್ದಾರೆ."

ಗುಮಾಸ್ತನ ನಗು ನಿಂತಿತು. ಅಧಿಕಾರಿ ಕೈಚಾಚುವಷ್ಟರಲ್ಲಿ ಆಯಾ ಮೆಟ್ಟಿಲು ಇಳಿಯುತ್ತಿದ್ದಳು. ಅವನು ಫೋನು ಎತ್ತಿಕೊಂಡ.

ಗೇಟು ದಾಟುವ ಮೊದಲೇ ಮೇಷ್ಟ್ರಿಗೆ ಹೆಡ್‌ಮಾಸ್ಟರರ ಕರೆ ಬಂತು. ಕೇಳಿಸಿಕೊಂಡು ಇಟ್ಟರು.

"ನಾಳೆಯಿಂದ ಬರಬೇಡ ಅಂದ್ರು. ನಿಮಗೂ ಹೇಳು ಅಂದ್ರು ಅಕ್ಕ. ಶಾಲೆ ವರಾಂಡದಲ್ಲಿ ಮಲಗೋದೂ ಬೇಡವಂತೆ."

ಆಯಾ ಕಾಗದವನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ತೂರಿಸಿಕೊಂಡಳು.

"ಕೋರ್ಟಿಗೆ ಯಾವ ಬಸ್ಸು?" ಎಂದಳು.